ಮಾವನ ಡಿಸ್ಚಾರ್ಜ್ ಬುಕ್‌ನಲ್ಲಿ ಅತ್ತೆ ಗೌರಮ್ಮ, ಆಧಾರ್‌ನಲ್ಲಿ ಗೌರವ್ವ. ಫ್ಯಾಮಿಲಿ ಪೆನ್ಷನ್‌ಗೆ ಎಲ್ಲಿಂದ ಶುರು ಮಾಡಬೇಕು?

ಹರಿಹರದ ಸೊಸೆ:
ಎಲ್ಲರಿಗೂ ನಮಸ್ಕಾರ. ನಮ್ಮ ಮಾವ ಎರಡು ತಿಂಗಳ ಹಿಂದೆ ತೀರಿಕೊಂಡರು. ಮಿಲಿಟರಿಯಲ್ಲಿ ಎಎಸ್‌ಸಿ, ಅಂದರೆ ರೇಷನ್ ಮತ್ತು ಲಾರಿ ನೋಡಿಕೊಳ್ಳುವ ವಿಭಾಗ, ಅದರಲ್ಲಿ ಹವಾಲ್ದಾರ್ ಆಗಿದ್ದರು. 1989ರಲ್ಲಿ ನಿವೃತ್ತಿ. ತಿಂಗಳು ತಿಂಗಳು ಪೆನ್ಷನ್ ಬರುತ್ತಿತ್ತು, ಅವರೇ ಹೋಗಿ ತರುತ್ತಿದ್ದರು, ಮನೆಯಲ್ಲಿ ಯಾರೂ ಒಂದು ಕಾಗದವನ್ನೂ ಮುಟ್ಟಿ ನೋಡಿದವರಲ್ಲ. ಈಗ ಕಪ್ಪು ಟ್ರಂಕ್ ತೆಗೆದರೆ ಒಂದೊಂದೇ ಗೊತ್ತಾಗುತ್ತಿದೆ. ಸೇನೆ ಬಿಟ್ಟಾಗ ಕೊಡುವ ಡಿಸ್ಚಾರ್ಜ್ ಬುಕ್‌ನಲ್ಲಿ ಅತ್ತೆಯ ಹೆಸರು ಗೌರಮ್ಮ. ಆಧಾರ್, ಬ್ಯಾಂಕ್, ರೇಷನ್ ಕಾರ್ಡ್, ಪಹಣಿ ಎಲ್ಲದರಲ್ಲೂ ಗೌರವ್ವ. ಅತ್ತೆಯ ಹುಟ್ಟಿದ ತಾರೀಖಿನ ಜಾಗ ಖಾಲಿ. ಊರಿನ ಮುಂದೆ ಜಿಲ್ಲೆ ಚಿತ್ರದುರ್ಗ ಎಂದಿದೆ, ನಾವಿರುವುದು ದಾವಣಗೆರೆ ಜಿಲ್ಲೆ.

ಬ್ಯಾಂಕ್‌ನಲ್ಲಿ ಕೇಳಿದರೆ "ನಮ್ಮ ಕೈಯಲ್ಲಿ ಏನೂ ಇಲ್ಲಮ್ಮ, ಎಲ್ಲ ಸ್ಪರ್ಶ್‌ಗೆ ಹೋಗಿದೆ" ಎಂದು ಕಳಿಸಿದರು. ಸ್ಪರ್ಶ್ ಅಂದರೆ ಯಾವ ಊರಿನ ಆಫೀಸು ಎಂದು ಅತ್ತೆ ಕೇಳಿದರು, ನಾನೂ ಅದನ್ನೇ ಕೇಳಬೇಕು ಅಂದುಕೊಂಡಿದ್ದೆ. ಪರಿಚಯದವರೊಬ್ಬರು 15,000 ಕೊಟ್ಟರೆ ತಾವೇ ಮಾಡಿಸಿಕೊಡುತ್ತೇವೆ ಎನ್ನುತ್ತಿದ್ದಾರೆ. ಇನ್ನೊಂದು ಭಯ ಇದೆ. ಮಾವ ಹೋದ ಮೇಲೂ ಒಂದು ತಿಂಗಳ ಪೆನ್ಷನ್ ಖಾತೆಗೆ ಬಂತು, ನಾವು ಅದನ್ನು ಶಿವಗಣಾರಾಧನೆ ಖರ್ಚಿಗೆ ತೆಗೆದುಬಿಟ್ಟೆವು. ತಪ್ಪಾಯಿತಾ?

ರಿಟೈರ್ಡ್ ಸಿಗ್ನಲ್:
ಅಮ್ಮಾ, ಮೊದಲು ಆ 15,000ದವರಿಗೆ ಕೈ ಮುಗಿದು ಕಳಿಸಿ. ಈ ಕೆಲಸಕ್ಕೆ ಯಾವ ಸರ್ಕಾರಿ ಕಚೇರಿಯಲ್ಲೂ ಫೀಸು ಇಲ್ಲ. ಅಫಿಡವಿಟ್, ಜೆರಾಕ್ಸ್, ಫೋಟೋ, ಬಸ್ ಚಾರ್ಜು, ಇಷ್ಟೇ ಖರ್ಚು.

ನೀವು ಹೋಗಬೇಕಾದದ್ದು ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ. ನಾವು ಹಳಬರು ಈಗಲೂ ಸೈನಿಕ್ ಬೋರ್ಡ್ ಅಂತಲೇ ಕರೆಯುತ್ತೇವೆ. ಅದು ರಾಜ್ಯ ಸರ್ಕಾರದ್ದು, ಆದರೆ ನಡೆಸುವವರು ಬಹುತೇಕ ನಮ್ಮವರೇ, ನಿವೃತ್ತ ಅಧಿಕಾರಿ, ನಿವೃತ್ತ ಜೆಸಿಒ (ಸುಬೇದಾರ್ ದರ್ಜೆ) ಅಂಥವರು. ರಾಜ್ಯದ ಎಲ್ಲ ಜಿಲ್ಲೆಯಲ್ಲೂ ಸ್ವಂತ ಕಚೇರಿ ಇಲ್ಲ, ಒಂದೇ ಕಚೇರಿ ಎರಡು ಮೂರು ಜಿಲ್ಲೆ ನೋಡಿಕೊಳ್ಳುವುದೂ ಇದೆ. ಹಾಗಾಗಿ ಹೊರಡುವ ಮೊದಲು ಮಾವನ ಮಾಜಿ ಸೈನಿಕರ ಗುರುತಿನ ಚೀಟಿ ಹುಡುಕಿ. ಅದರ ಮೇಲೆ ಯಾವ ಕಚೇರಿಯ ಸೀಲು ಇದೆಯೋ ಅವರ ಫೈಲು ಅಲ್ಲೇ ಇರುತ್ತದೆ.

ಒಂದು ವಿಷಯ ಮೊದಲೇ ತಿಳಿದುಕೊಂಡು ಹೋಗಿ, ಇಲ್ಲದಿದ್ದರೆ ಸುಮ್ನೆ ಬೇಜಾರಾಗುತ್ತದೆ. ಆ ಕಚೇರಿಯವರು ಪೆನ್ಷನ್ ಮಂಜೂರು ಮಾಡುವವರಲ್ಲ. ದಾಖಲೆ ಇರುವುದು ರೆಕಾರ್ಡ್ ಆಫೀಸಿನಲ್ಲಿ. ಮಂಜೂರು ಮಾಡುವುದು ಪ್ರಯಾಗ್‌ರಾಜ್‌ನ ರಕ್ಷಣಾ ಪೆನ್ಷನ್ ಲೆಕ್ಕಪತ್ರ ಕಚೇರಿ. ಹಣ ಹಾಕುವುದು ಸ್ಪರ್ಶ್ ಎಂಬ ಕಂಪ್ಯೂಟರ್ ವ್ಯವಸ್ಥೆ, ಅದು ಊರಲ್ಲ ಎಂದು ಅತ್ತೆಯವರಿಗೆ ಹೇಳಿ. ಈ ಮೂವರಿಗೂ ಅರ್ಥವಾಗುವ ಭಾಷೆಯಲ್ಲಿ ನಿಮ್ಮ ಕಥೆಯನ್ನು ಬರೆದು, ಫಾರ್ಮ್ ತುಂಬಿ, ಸಹಿ ಸೀಲು ಹಾಕಿ ಕಳಿಸುವವರು ಬೋರ್ಡಿನವರು. ನಿಮ್ಮ ಪುಣ್ಯಕ್ಕೆ ಎಎಸ್‌ಸಿ ರೆಕಾರ್ಡ್ಸ್ ಬೆಂಗಳೂರಿನಲ್ಲೇ ಇದೆ. ನಂದು ಜಬಲ್‌ಪುರ. ಆರ್ಟಿಲರಿಯವರದು ನಾಸಿಕ್, ವಾಹನ, ಯಂತ್ರ ರಿಪೇರಿ ನೋಡುವ ಇಎಂಇಯವರದು ಸಿಕಂದರಾಬಾದ್. ಮರಾಠಾ ರೆಜಿಮೆಂಟಿನವರಾದರೆ ಬೆಳಗಾವಿ, ರಾತ್ರಿ ಬಸ್ಸಿಗೆ ಹತ್ತಿದರೆ ಬೆಳಗ್ಗೆ ಅಲ್ಲೇ.

ತೆಗೆದ ದುಡ್ಡಿಗೆ ಹೆದರಬೇಡಿ. ಮಾವ ತೀರಿಕೊಂಡ ದಿನದವರೆಗಿನ ಪೆನ್ಷನ್ ನಿಮ್ಮದೇ, ಅದರ ನಂತರದ್ದು ವಾಪಸ್ ಹೋಗಬೇಕು. ನೀವಾಗಿಯೇ ಬರೆದುಕೊಟ್ಟರೆ ಅದೊಂದು ಲೆಕ್ಕ ಅಷ್ಟೇ. ಮುಚ್ಚಿಟ್ಟು ಆರು ತಿಂಗಳು ತೆಗೆಯುತ್ತಾ ಹೋದವರನ್ನು ನೋಡಿದ್ದೇನೆ, ಆಮೇಲೆ ಫ್ಯಾಮಿಲಿ ಪೆನ್ಷನ್ ಶುರುವಾದಾಗ ಅದರಲ್ಲೇ ಕಡಿತ. ಮರಣದ ಸುದ್ದಿಯನ್ನು ಸ್ಪರ್ಶ್‌ನಲ್ಲಿ ಇನ್ನೂ ದಾಖಲು ಮಾಡಿಲ್ಲದಿದ್ದರೆ ನಾಳೆಯೇ ಮಾಡಿಸಿ.

ಹೊನ್ನಾಳಿ ಹೋರಿ:
ಸಿಗ್ನಲ್ ಸರ್ ಚೆನ್ನಾಗಿ ಹೇಳಿದಿರಿ, ಆದರೆ ಅಷ್ಟು ಹೂವಿನ ಹಾದಿ ಅಲ್ಲ ಬಿಡಿ. ನಮ್ಮಪ್ಪನ ಕೆಲಸಕ್ಕೆ ನಾನು ಒಂದು ಕಚೇರಿಗೆ, ಯಾವುದು ಅಂತ ಹೇಳಲ್ಲ, ನಾಲ್ಕು ಸಲ ಹೋಗಿದ್ದೇನೆ. ಮೊದಲ ಸಲ ಸಾಹೇಬರು ಮೀಟಿಂಗ್. ಎರಡನೇ ಸಲ ಫೋಟೋ ಸೈಜು ಸರಿ ಇಲ್ಲ. ಮೂರನೇ ಸಲ ಸರ್ವರ್ ಇಲ್ಲ. ನಾಲ್ಕನೇ ಸಲ ಎಲ್ಲ ಇತ್ತು, ಅಪ್ಪನ ಡಿಸ್ಚಾರ್ಜ್ ಬುಕ್ ನಾನೇ ಮನೆಯಲ್ಲಿ ಬಿಟ್ಟು ಹೋಗಿದ್ದೆ. ಹೋಗಿ ಬರಲು ಒಂದು ದಿನದ ಕೂಲಿ ಹೋಯಿತು ಅಂದರೆ ಯಾರು ಕೊಡುತ್ತಾರೆ?

ಬೆಣ್ಣೆ ದೋಸೆ ಖಾಲಿ:
ನಾಲ್ಕನೇ ಸಲದ ತಪ್ಪನ್ನೂ ಕಚೇರಿ ಲೆಕ್ಕಕ್ಕೇ ಹಾಕಿದಿರಾ ಅಣ್ಣ 😄

ಹೊನ್ನಾಳಿ ಹೋರಿ:
ಸಿಟ್ಟಿನಲ್ಲಿ ಲೆಕ್ಕ ತಪ್ಪುತ್ತದೆ, ಬಿಡಿ.

ಕುಂದವಾಡ ಕೆರೆ:
ಜಿಲ್ಲೆ ಹೆಸರಿನ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ ಅಕ್ಕ. ದಾವಣಗೆರೆ ಜಿಲ್ಲೆ ಆಗಿದ್ದೇ 1997ರ ಆಗಸ್ಟ್ 15ಕ್ಕೆ. ಅದಕ್ಕಿಂತ ಮುಂಚೆ ಸೇನೆ ಸೇರಿದ, ನಿವೃತ್ತರಾದ ಹರಿಹರ, ಜಗಳೂರು ಕಡೆಯವರ ಪುಸ್ತಕದಲ್ಲೆಲ್ಲ ಚಿತ್ರದುರ್ಗ ಅಂತಲೇ ಇರುತ್ತದೆ. ಹೊನ್ನಾಳಿ, ಚನ್ನಗಿರಿಯವರದು ಶಿವಮೊಗ್ಗ. ಹರಪನಹಳ್ಳಿಯವರ ಪಾಡು ಕೇಳಲೇಬೇಡಿ, ಬಳ್ಳಾರಿಯಿಂದ ದಾವಣಗೆರೆಗೆ, ಮತ್ತೆ ಬಳ್ಳಾರಿಗೆ, ಈಗ ವಿಜಯನಗರ. ಮನುಷ್ಯ ಕೂತ ಜಾಗದಲ್ಲೇ ಕೂತಿದ್ದಾನೆ, ಜಿಲ್ಲೆ ಮಾತ್ರ ಓಡಾಡುತ್ತಿದೆ. ನನ್ನ ದೊಡ್ಡಪ್ಪನ ಕಾಗದ ಮಾಡಿಸುವಾಗ ಇದನ್ನೇ ದೊಡ್ಡ ಸಮಸ್ಯೆ ಎಂದುಕೊಂಡು ತಾಲ್ಲೂಕು ಕಚೇರಿಯಿಂದ ವಾಸ ಪ್ರಮಾಣ ಪತ್ರ, ಗ್ರಾಮ ಪಂಚಾಯಿತಿ ಪತ್ರ ಎಲ್ಲ ಹಿಡಿದು ಹೋಗಿದ್ದೆ. ಕಚೇರಿಯ ಗುಮಾಸ್ತರು ನೋಡಿ ನಕ್ಕರು. "ನಮ್ಮ ಕಪಾಟಿನಲ್ಲಿ ಅರ್ಧ ಫೈಲು ಹೀಗೇ ಇವೆ" ಎಂದರು.

ರಿಟೈರ್ಡ್ ಸಿಗ್ನಲ್:
ಹೌದು, ಜಿಲ್ಲೆ ದೊಡ್ಡ ವಿಷಯ ಅಲ್ಲ. ಗಂಟು ಇರುವುದು ಹೆಸರು ಮತ್ತು ಹುಟ್ಟಿದ ತಾರೀಖಿನಲ್ಲಿ.

ಯಾಕೆ ಹೀಗಾಗುತ್ತದೆ ಅಂದರೆ, ಆಗಿನ ಕಾಲದಲ್ಲಿ ಹುಡುಗ ರಜೆಗೆ ಬಂದು ಮದುವೆಯಾಗಿ ವಾಪಸ್ ಯೂನಿಟ್‌ಗೆ ಹೋಗುತ್ತಿದ್ದ. ಅಲ್ಲಿ ಪಂಜಾಬಿಯೋ ಬಿಹಾರಿಯೋ ಆದ ಕ್ಲರ್ಕ್ "ಬೀವಿ ಕಾ ನಾಮ್" ಎಂದು ಕೇಳುತ್ತಿದ್ದ. ಇವನು ಗೌರವ್ವ ಎಂದರೆ ಅವನಿಗೆ ಕೇಳಿಸಿದ್ದು ಗೌರಮ್ಮ. ಹುಟ್ಟಿದ ತಾರೀಖು ಹುಡುಗನಿಗೂ ಗೊತ್ತಿಲ್ಲ, ಆ ಜಾಗ ಹಾಗೇ ಬಿಟ್ಟರು. ಮದುವೆ, ಮಕ್ಕಳು, ಹೆಸರು ತಿದ್ದುಪಡಿ ಏನೇ ಆದರೂ ಪಾರ್ಟ್ ಟೂ ಆರ್ಡರ್ ಎಂದು ಒಂದು ಹೊರಡಿಸುತ್ತಾರೆ, ಅದರಲ್ಲಿ ಏನು ಬಿದ್ದಿತೋ ಮುಂದೆ ಪೆನ್ಷನ್ ಆದೇಶ, ಅಂದರೆ ಪಿಪಿಒದಲ್ಲೂ ಅದೇ. ಮೂವತ್ತು ವರ್ಷ ಯಾರೂ ನೋಡುವುದಿಲ್ಲ. ಯಜಮಾನರು ಹೋದ ದಿನ ಎಲ್ಲ ಒಟ್ಟಿಗೆ ಎದ್ದು ಕೂರುತ್ತದೆ.

ಯಜಮಾನರು ಬದುಕಿದ್ದಾಗಲೇ ಅರ್ಜಿ ಹಾಕಿದ್ದರೆ ಕೆಲಸ ಎಷ್ಟೋ ಹಗುರ. ಈಗ ಗೌರಮ್ಮ, ಗೌರವ್ವ ಇಬ್ಬರೂ ಒಬ್ಬರೇ ಎಂದು ಅತ್ತೆಯವರ ಅಫಿಡವಿಟ್, ಮರಣ ಪ್ರಮಾಣ ಪತ್ರ, ಆಧಾರ್, ಪ್ಯಾನ್, ಪಿಪಿಒ, ಡಿಸ್ಚಾರ್ಜ್ ಬುಕ್, ಬ್ಯಾಂಕ್ ಪಾಸ್‌ಬುಕ್, ಇಬ್ಬರೂ ಒಟ್ಟಿಗೆ ಇರುವ ಹಳೇ ಫೋಟೋ ಇದ್ದರೆ ಅದನ್ನೂ ತೆಗೆದುಕೊಂಡು ಹೋಗಿ. ಅಫಿಡವಿಟ್ ಮಾತ್ರ ಮೊದಲೇ ಮಾಡಿಸಬೇಡಿ. ಕಚೇರಿಯಲ್ಲಿ ಒಕ್ಕಣೆ ಕೊಡುತ್ತಾರೆ, ಅದೇ ರೀತಿ ಮಾಡಿಸಿದರೆ ರೆಕಾರ್ಡ್ಸ್‌ನಲ್ಲಿ ವಾಪಸ್ ಆಗುವುದಿಲ್ಲ.

ಹರಿಹರದ ಸೊಸೆ:
ತುಂಬಾ ಉಪಕಾರ ಸರ್. ಒಟ್ಟಿಗೆ ಇರುವ ಫೋಟೋ ಒಂದೇ ಇದೆ, ನಮ್ಮ ಮದುವೆಯದು. ಅದರಲ್ಲಿ ಮಾವ ಆ ಕಡೆ ನೋಡುತ್ತಿದ್ದಾರೆ, ಅತ್ತೆ ಈ ಕಡೆ.

ಎಲ್ಲರೂ ಆಧಾರ್‌ನಲ್ಲೇ ಗೌರಮ್ಮ ಎಂದು ಬದಲಾಯಿಸಿ, ಅದು ಸುಲಭ ಎನ್ನುತ್ತಿದ್ದಾರೆ. ಹಾಗೆ ಮಾಡಬಹುದಾ?

ರಿಟೈರ್ಡ್ ಸಿಗ್ನಲ್:
ಬೇಡಮ್ಮ. ಆಧಾರ್ ಬದಲಾಯಿಸಿದರೆ ಬ್ಯಾಂಕ್, ಪ್ಯಾನ್, ರೇಷನ್, ಪಹಣಿ ಎಲ್ಲದರ ಹಿಂದೆ ಓಡಬೇಕು. ನಾಳೆ ಜಮೀನು ಪೌತಿ ಖಾತೆ ಮಾಡಿಸುವಾಗ ಅಲ್ಲಿ ಇನ್ನೊಂದು ಗಂಟು. ಒಂದು ಕಡೆ ತಪ್ಪಿರುವಾಗ ನಾಲ್ಕು ಕಡೆ ಸರಿ ಇರುವುದನ್ನು ಯಾಕೆ ಕೆಡಿಸುವುದು?

ಕೋಟೆ ಊರಿನವಳು:
ನಾನು ಚಿತ್ರದುರ್ಗದವಳು. ನಮ್ಮದು ಪೆನ್ಷನ್ ವಿಷಯ ಅಲ್ಲ, ಮಕ್ಕಳ ಓದಿನದು. ಇಲ್ಲಿ ಮಾಜಿ ಸೈನಿಕರ ಮನೆಯವರು ಇರುವುದರಿಂದ ಹೇಳುತ್ತೇನೆ. ನಮ್ಮ ಯಜಮಾನರು ಏರ್‌ಫೋರ್ಸ್‌ನಿಂದ ಬಂದವರು. ಮಗಳು ಪಿಯುಸಿ ಮುಗಿಸಿ ಸಿಇಟಿ ಬರೆಯುವ ವರ್ಷ ನಮಗೆ ಗೊತ್ತಾದದ್ದು ಮಾಜಿ ಸೈನಿಕರ ಮಕ್ಕಳಿಗೆ ಬೇರೆ ಕೋಟಾ ಇದೆ ಅಂತ. ಅದಕ್ಕೆ ಸೈನಿಕ ಕಲ್ಯಾಣ ಕಚೇರಿಯ ಪ್ರಮಾಣ ಪತ್ರ ಬೇಕು. ಸೇನೆ ಸೇರುವಾಗ ಸ್ವಂತ ಊರು ಕರ್ನಾಟಕದ್ದು ಎಂದು ಬರೆಸಿದ್ದರೋ ಇಲ್ಲವೋ ಅದನ್ನೂ ನೋಡುತ್ತಾರೆ. ದಾಖಲೆ ಪರಿಶೀಲನೆಗೆ ಮೂರು ದಿನ ಇರುವಾಗ ಓಡಿದೆವು, ನಮ್ಮ ಹಾಗೆ ಓಡಿ ಬಂದ ತಂದೆ ತಾಯಂದಿರು ವರಾಂಡದ ತುಂಬ ಇದ್ದರು. ಆ ದಿನ ಕಚೇರಿಯವರು ಊಟಕ್ಕೆ ಎದ್ದು ಹೋಗಲಿಲ್ಲ, ಅದನ್ನು ಹೇಳಲೇಬೇಕು. ಸಂಜೆ ಆರೂವರೆಗೆ ಪತ್ರ ಕೈಗೆ ಬಂತು.

ಇಂಜಿನಿಯರಿಂಗ್ ಸೀಟು ಸಿಕ್ಕ ಮೇಲೆ ಪ್ರಧಾನ ಮಂತ್ರಿ ಸ್ಕಾಲರ್‌ಶಿಪ್‌ಗೂ ಅರ್ಜಿ ಹಾಕಿದೆವು. ವೃತ್ತಿಪರ ಕೋರ್ಸಿನ ಮೊದಲ ವರ್ಷಕ್ಕೆ ಸೇರಿದವರಿಗೆ ಮಾತ್ರ, ಪಿಯುಸಿಯಲ್ಲಿ ಕಮ್ಮಿ ಅಂದರೂ ಶೇಕಡಾ 60 ಇರಬೇಕು. ಹೆಣ್ಣುಮಕ್ಕಳಿಗೆ ತಿಂಗಳಿಗೆ 3,000, ಗಂಡುಮಕ್ಕಳಿಗೆ 2,500, ವರ್ಷದ್ದು ಒಟ್ಟಿಗೆ ಬರುತ್ತದೆ. ಇಡೀ ದೇಶಕ್ಕೆ ವರ್ಷಕ್ಕೆ 5,500 ಮಕ್ಕಳು, ಅರ್ಧ ಹೆಣ್ಣು ಅರ್ಧ ಗಂಡು. ಕೇಂದ್ರೀಯ ಸೈನಿಕ್ ಬೋರ್ಡಿನ ವೆಬ್‌ಸೈಟಿನಲ್ಲಿ ನಾವೇ ಹಾಕಬೇಕು, ಆದರೆ ಮೂಲ ದಾಖಲೆ ಹಿಡಿದು ಜಿಲ್ಲಾ ಕಚೇರಿಗೆ ಹೋಗಿ ತೋರಿಸಿದ ಮೇಲೇ ಅವರು ಮುಂದಕ್ಕೆ ತಳ್ಳುವುದು. ಆನ್‌ಲೈನ್ ಹಾಕಿದೆವು, ಮುಗಿಯಿತು ಎಂದು ಮನೆಯಲ್ಲಿ ಕೂತವರ ಅರ್ಜಿ ಅಲ್ಲೇ ಕೊಳೆಯುತ್ತದೆ. ನನ್ನ ಮೈದುನನ ಮಗನಿಗೆ ಹಾಗೇ ಆಯಿತು, ಹುಡುಗನಿಗೆ 80ರ ಮೇಲೆ ಬಂದಿತ್ತು, ಮೊದಲ ವರ್ಷ ದಾಟಿದ ಮೇಲೆ ಇನ್ನೇನು ಮಾಡುವುದು.

ತೋಟದ ಮನೆ ಚನ್ನಗಿರಿ:
ಪೆನ್ಷನ್ ಇಲ್ಲದವರ ಬಗ್ಗೆ ಯಾರೂ ಮಾತಾಡಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು.

ನಮ್ಮ ತಾಯಿಯ ಅಣ್ಣ, ನನಗೆ ಸೋದರಮಾವ, 62ರ ಚೀನಾ ಯುದ್ಧ ಆದ ಮೇಲೆ ಊರೂರಿಗೆ ಬಂದು ಸೇನೆಗೆ ಸೇರಿಸಿಕೊಂಡರಲ್ಲ, ಆಗ ಸೇರಿದವರು. 65ರ ಯುದ್ಧ ನೋಡಿದವರು. ಏಳೆಂಟು ವರ್ಷ ಆದ ಮೇಲೆ ನಿಮ್ಮ ಅಗತ್ಯ ಇಲ್ಲ ಎಂದು ಬಿಡುಗಡೆ ಮಾಡಿ ಕಳಿಸಿದರು. ಪೆನ್ಷನ್‌ಗೆ 15 ವರ್ಷ ಆಗಿರಬೇಕು, ಆಗಿರಲಿಲ್ಲ. ಬಂದು ಬೇರೆಯವರ ತೋಟದಲ್ಲಿ ಅಡಿಕೆ ಸುಲಿದರು, ಕಾವಲು ಕಾದರು. ಮಾತೆತ್ತಿದರೆ "ನಾನು ಮಿಲಿಟ್ರಿ" ಎನ್ನುತ್ತಿದ್ದರು, ನಾವು ಹುಡುಗರು ಹಿಂದೆ ನಗುತ್ತಿದ್ದೆವು. ಪೆನ್ಷನ್ನೇ ಇಲ್ಲ, ಎಂಥಾ ಮಿಲಿಟ್ರಿ ಅಂತ.

ಕೋವಿಡ್ ಮುಗಿದ ಮೇಲೆ ಒಂದು ದಿನ ಡಿಸೆಂಬರ್ 7ಕ್ಕೆ ನನ್ನ ಮಗಳ ಶಾಲೆಯಲ್ಲಿ ಧ್ವಜ ದಿನಾಚರಣೆ ಎಂದು ಪುಟ್ಟ ಬಾವುಟ ಕೊಟ್ಟು ದುಡ್ಡು ಸೇರಿಸಿದರು. ಈ ದುಡ್ಡು ಎಲ್ಲಿಗೆ ಹೋಗುತ್ತದೆ ಎಂದು ಅವಳು ಕೇಳಿದಳು. ನನಗೂ ಗೊತ್ತಿರಲಿಲ್ಲ. 1949ರಿಂದ ನಡೆದುಕೊಂಡು ಬಂದಿದೆಯಂತೆ, ನಾನೂ ಶಾಲೆಯಲ್ಲಿ ಆ ಬಾವುಟವನ್ನು ಜೇಬಿಗೆ ಚುಚ್ಚಿಕೊಂಡವನೇ. ವಿಚಾರಿಸಿದರೆ ಗೊತ್ತಾಯಿತು, ಆ ನಿಧಿಯಿಂದಲೇ ಪೆನ್ಷನ್ ಇಲ್ಲದ, ಬೇರೆ ಆದಾಯ ಇಲ್ಲದ, 65 ದಾಟಿದ ಮಾಜಿ ಸೈನಿಕರಿಗೆ ಮತ್ತು ಅವರ ವಿಧವೆಯರಿಗೆ ತಿಂಗಳು ತಿಂಗಳು ನೆರವು ಕೊಡುತ್ತಾರೆ. ಪೆನ್ಯುರಿ ಗ್ರಾಂಟ್ ಎನ್ನುತ್ತಾರೆ, ಹವಾಲ್ದಾರ್ ದರ್ಜೆಯವರೆಗೆ. ಆಗ ತಿಂಗಳಿಗೆ 4,000 ಇತ್ತು. 2025ರ ನವೆಂಬರ್‌ನಿಂದ 8,000 ಮಾಡಿದ್ದಾರೆ.

ಮಾವನ ಹತ್ತಿರ ಉಳಿದದ್ದು ಡಿಸ್ಚಾರ್ಜ್ ಸರ್ಟಿಫಿಕೇಟಿನ ಮುಕ್ಕಾಲು ಭಾಗ. ಕಾಲು ಭಾಗ ಗೆದ್ದಲು ತಿಂದಿತ್ತು. ನಂಬರ್ ಮಾತ್ರ ಉಳಿದಿತ್ತು, ಮತ್ತು ಆ ನಂಬರ್ ಮಾವನ ಬಾಯಲ್ಲೂ ಇತ್ತು, ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದರು. ಕಚೇರಿಯಲ್ಲಿ ಕಲ್ಯಾಣ ಸಂಘಟಕರು ಎಂದು ಒಬ್ಬರು ಇದ್ದರು, ಅವರೂ ಹಳೇ ಸೈನಿಕರು. ಮಾವ ಒಳಗೆ ಹೋದವರೇ ಕಾಲು ಜೋಡಿಸಿ ನಿಂತು ನಂಬರ್, ದರ್ಜೆ, ಹೆಸರು ಹೇಳಿದರು. ಅವರು ಎದ್ದು ನಿಂತರು, ಕುರ್ಚಿ ಕೊಟ್ಟರು. ರೆಕಾರ್ಡ್ಸ್‌ಗೆ ಪತ್ರ ಬರೆದು ಸೇವೆಯ ವಿವರ ತರಿಸಲು ಐದು ತಿಂಗಳು ಹಿಡಿಯಿತು. ಅಷ್ಟರಲ್ಲಿ ಮೂರು ಸಲ ಆ ಮನುಷ್ಯರೇ ಫೋನ್ ಮಾಡಿ "ಇನ್ನೂ ಬಂದಿಲ್ಲ, ಮತ್ತೆ ನೆನಪೋಲೆ ಹಾಕಿದ್ದೇನೆ" ಎಂದರು.

ಈಗ ಮಾವನಿಗೆ ಬರುತ್ತಿದೆ. ಪ್ರತಿ ವರ್ಷ ಬದುಕಿದ್ದೇನೆ ಎಂದು ಆ ಕಚೇರಿಯ ಮೂಲಕ ತೋರಿಸಬೇಕು. ಆ ದಿನ ಬಿಳಿ ಅಂಗಿಗೆ ಇಸ್ತ್ರಿ ಮಾಡಿಸಿಕೊಂಡು ಹೋಗುತ್ತಾರೆ.

ಹೊನ್ನಾಳಿ ಹೋರಿ:
ಸರಿ ಅಣ್ಣ, ಇದನ್ನು ಓದಿ ಸುಮ್ಮನಾದೆ. ಆದರೂ ಐದು ತಿಂಗಳು ಜಾಸ್ತಿಯೇ.

ತೋಟದ ಮನೆ ಚನ್ನಗಿರಿ:
ಜಾಸ್ತಿಯೇ. ಐವತ್ತು ವರ್ಷ ನಮಗೆ ಗೊತ್ತೇ ಇರಲಿಲ್ಲವಲ್ಲ, ಅದು ಇನ್ನೂ ಜಾಸ್ತಿ.

ಜಗಳೂರು ಬಿಸಿಲು:
ಜಮೀನಿನ ವಿಷಯ ಯಾರಾದರೂ ಹೇಳಿ. ಭೂ ಮಂಜೂರಾತಿ ನಿಯಮ 1969ರಲ್ಲಿ ಮಾಜಿ ಸೈನಿಕರಿಗೆ ಮೀಸಲು ಇದೆ ಎಂದು ಎಲ್ಲರೂ ಹೇಳುತ್ತಾರೆ. ನಾನು ಅರ್ಜಿ ಕೊಟ್ಟು ಎಷ್ಟೋ ವರ್ಷವಾಯಿತು. ಕಂದಾಯದವರು ಜಮೀನು ಲಭ್ಯ ಇಲ್ಲ ಎಂದು ಹಿಂಬರಹ ಕೊಟ್ಟರು. ಅದೇ ಸರ್ವೆ ನಂಬರಿನಲ್ಲಿ ಮೆಕ್ಕೆಜೋಳ ಬೆಳೆದು ನಿಂತಿದೆ, ಯಾರದ್ದು ಎಂದು ಊರಿಗೆಲ್ಲ ಗೊತ್ತು. ಸೈನಿಕ ಕಲ್ಯಾಣದವರು ಇದಕ್ಕೆ ಏನೂ ಮಾಡಲ್ವಾ?

ರಿಟೈರ್ಡ್ ಸಿಗ್ನಲ್:
ಅವರು ಕೊಡಬಹುದಾದದ್ದು ಇವರು ಮಾಜಿ ಸೈನಿಕರು ಹೌದು ಎಂಬ ಪತ್ರ, ಹೆಚ್ಚೆಂದರೆ ಒಂದು ಶಿಫಾರಸು. ಜಮೀನು ಕಂದಾಯ ಇಲಾಖೆಯ ಕೈಯಲ್ಲಿ. ಇದರಲ್ಲಿ ನಾನು ಸಿಹಿ ಮಾತಾಡಲ್ಲ, ನನ್ನ ಜೊತೆಯವರಲ್ಲಿ ಜಮೀನು ಸಿಕ್ಕವರು ಕಮ್ಮಿ, ಫೈಲು ಸಿಕ್ಕವರು ಜಾಸ್ತಿ. ಜಿಲ್ಲಾಧಿಕಾರಿ ಮಾಜಿ ಸೈನಿಕರ ಕುಂದುಕೊರತೆ ಸಭೆ ಕರೆದಾಗ ಹಿಂಬರಹದ ಪ್ರತಿ ಹಿಡಿದು ಹೋಗಿ, ಬಾಯಲ್ಲಿ ಹೇಳಿದ್ದು ನಡಾವಳಿಯಲ್ಲಿ ಬರುವುದಿಲ್ಲ, ಬರೆದು ಕೊಡಿ. ಮನೆ ಕಂದಾಯದಲ್ಲಿ ರಿಯಾಯಿತಿ ಇರುವುದನ್ನಾದರೂ ತೆಗೆದುಕೊಂಡಿದ್ದೀರಾ? ಅದನ್ನು ಕೇಳದೇ ಬಿಟ್ಟವರು ಬಹಳ ಜನ.

ಜಗಳೂರು ಬಿಸಿಲು:
ಮನೆ ಪಂಚಾಯಿತಿಯಲ್ಲಿದೆ ಸರ್, ಕಂದಾಯವೇ ಅಷ್ಟಿಲ್ಲ. ನನಗೆ ಬೇಕಿರುವುದು ಎರಡು ಎಕರೆ.

ಮಗ ಗಡಿಯಲ್ಲಿ:
ನನ್ನ ಮಗ ಅಗ್ನಿವೀರ, 2023ರ ಶುರುವಿನಲ್ಲಿ ತರಬೇತಿಗೆ ಹೋದವನು, ಮೊದಲ ಬ್ಯಾಚು. ನಾಲ್ಕು ವರ್ಷ ಮುಗಿದು ಬಂದರೆ ಅವನಿಗೂ ಈ ಕಚೇರಿಯಲ್ಲಿ ಕಾರ್ಡು ಮಾಡಿಸಬಹುದಾ? ಕ್ಯಾಂಟೀನು, ಆಸ್ಪತ್ರೆ ಎಲ್ಲ ಸಿಗುತ್ತಾ?

ಕುಂದವಾಡ ಕೆರೆ:
ಅಮ್ಮಾ, ಯೋಜನೆ ತಂದಾಗ ಬರೆದಿರುವ ಪ್ರಕಾರ ನಾಲ್ಕು ವರ್ಷಕ್ಕೆ ಬಿಡುಗಡೆಯಾದ ಅಗ್ನಿವೀರರಿಗೆ ಮಾಜಿ ಸೈನಿಕ ಎಂಬ ಸ್ಥಾನ ಇಲ್ಲ. ಪೆನ್ಷನ್, ಇಸಿಎಚ್‌ಎಸ್ ಆಸ್ಪತ್ರೆ ಸೌಲಭ್ಯ, ಕ್ಯಾಂಟೀನ್ ಮೂರೂ ಇಲ್ಲ. ಸೇವಾ ನಿಧಿ ಎಂದು ಅವನ ಸಂಬಳದಿಂದ ಹಿಡಿದದ್ದು, ಅದಕ್ಕೆ ಸರ್ಕಾರ ಸಮನಾಗಿ ಹಾಕಿದ್ದು, ಬಡ್ಡಿ ಸೇರಿ 11 ಲಕ್ಷದ ಮೇಲೆ ಬರುತ್ತದೆ, ಅದಕ್ಕೆ ಆದಾಯ ತೆರಿಗೆ ಇಲ್ಲ. ನಾಲ್ಕರಲ್ಲಿ ಒಬ್ಬರವರೆಗೆ ಕಾಯಂ ಮಾಡಿಕೊಳ್ಳುತ್ತಾರೆ, ಅದರಲ್ಲಿ ಬಂದರೆ ಮಾತು ಬೇರೆ. ಕೇಂದ್ರದ ಸಶಸ್ತ್ರ ಪೊಲೀಸ್ ಪಡೆಗಳಲ್ಲಿ ಮೀಸಲು ಇಟ್ಟಿದ್ದಾರೆ, ಆ ಅರ್ಜಿಗಳ ಮೇಲೆ ಈಗಿನಿಂದಲೇ ಕಣ್ಣಿಡಲಿ.

ಮಗ ಗಡಿಯಲ್ಲಿ:
ಗೊತ್ತಾಯಿತಪ್ಪ. ಕಾಯಂ ಆಗಲಿ ಎಂದು ಹರಕೆ ಹೊತ್ತಿದ್ದೇನೆ.

ಕೋಟೆ ಊರಿನವಳು:
ಆಗಲಿ ಅಕ್ಕ, ಒಳ್ಳೆಯದಾಗಲಿ.

ಇನ್ನೊಂದು ನೆನಪಾಯಿತು. ಹವಾಲ್ದಾರ್ ದರ್ಜೆಯವರೆಗಿನವರ ಮಗಳ ಮದುವೆಗೂ ನೆರವು ಇದೆ, ಇಬ್ಬರು ಹೆಣ್ಣುಮಕ್ಕಳವರೆಗೆ. 50,000 ಇದ್ದದ್ದನ್ನು ಈಗ 1 ಲಕ್ಷ ಮಾಡಿದ್ದಾರೆ, ಹೊಸ ಆದೇಶದ ನಂತರ ಆದ ಮದುವೆಗಳಿಗೆ. ಮದುವೆಯಾಗಿ 180 ದಿನದ ಒಳಗೆ ಅರ್ಜಿ ಹೋಗಬೇಕು. ನಮ್ಮ ಓಣಿಯಲ್ಲಿ ಒಬ್ಬರು ಮಗಳ ಬಾಣಂತನ ಮುಗಿಸಿಕೊಂಡು ಹೋದರು, ಆಗ ಏನು ಉಪಯೋಗ. ಚಿಕ್ಕ ಮಕ್ಕಳಿದ್ದರೆ ಒಂದನೇ ಕ್ಲಾಸಿನಿಂದ ಡಿಗ್ರಿವರೆಗೆ ಓದಿನ ನೆರವೂ ಇದೆ, ಅದೂ 1,000 ಇದ್ದದ್ದು ತಿಂಗಳಿಗೆ 2,000 ಆಗಿದೆ, ಅಲ್ಲೂ ಇಬ್ಬರು ಮಕ್ಕಳಿಗೆ ಮಾತ್ರ.

ಹರಿಹರದ ಸೊಸೆ:
ಐದು ವಾರ ಆಯಿತು, ಏನಾಯಿತು ಎಂದು ಹೇಳುವುದು ನನ್ನ ಕರ್ತವ್ಯ.

ಮಾವನ ಗುರುತಿನ ಚೀಟಿ ಟ್ರಂಕಿನಲ್ಲಿ ಇರಲಿಲ್ಲ. ಅವರ ಕೋಟಿನ ಒಳಜೇಬಿನಲ್ಲಿ ಇತ್ತು. ಸೀಲು ನೋಡಿ ಕಚೇರಿಗೆ ಹೋದೆವು. ಹೊನ್ನಾಳಿಯಣ್ಣ, ನೀವು ಹೇಳಿದ ಹಾಗೆ ಮೊದಲ ದಿನ ಸಾಹೇಬರು ಇರಲಿಲ್ಲ. ಆದರೆ ಅಲ್ಲಿದ್ದ ಮೇಡಂ ಕೂರಿಸಿ ಎಲ್ಲ ಕಾಗದ ತೆಗೆಸಿ ನೋಡಿ, ಏನು ಇದೆ ಏನು ಇಲ್ಲ ಎಂದು ನಮ್ಮದೇ ಕವರಿನ ಹಿಂದೆ ಬರೆದುಕೊಟ್ಟರು. ಆಧಾರ್ ಮುಟ್ಟಬೇಡಿ ಎಂದು ಅವರೂ ಅದನ್ನೇ ಹೇಳಿದರು. ಅಫಿಡವಿಟ್ ಒಕ್ಕಣೆ ಕೊಟ್ಟರು.

ಹುಟ್ಟಿದ ತಾರೀಖಿನಲ್ಲಿ ಒಂದು ನಾಟಕ ಆಯಿತು. ಮೇಡಂ ಕೇಳಿದ್ದಕ್ಕೆ ಅತ್ತೆ "ಕಾರಹುಣ್ಣಿಮೆ ಹಿಂದಿನ ದಿನ, ಭದ್ರಾ ನಾಲೆಗೆ ನೀರು ಬಿಡುವ ಮೊದಲು" ಎಂದರು. ಆಧಾರ್‌ನಲ್ಲಿ ಜನವರಿ 1, 1952. ಅದನ್ನೇ ಹಾಕಿದರು. ಅತ್ತೆಗೆ ಒಪ್ಪಿಗೆ ಇರಲಿಲ್ಲ, ಜನವರಿಯಲ್ಲಿ ಕಾರಹುಣ್ಣಿಮೆ ಎಲ್ಲಿ ಬರುತ್ತದೆ ಎಂದು ದಾರಿಯುದ್ದಕ್ಕೂ ಜಗಳ. ತಾರೀಖು ಯಾಕೆ ಅಷ್ಟು ಮುಖ್ಯ ಎಂದು ಆಮೇಲೆ ಮೇಡಂ ಹೇಳಿದರು. 80 ತುಂಬಿದ ಮೇಲೆ ಪೆನ್ಷನ್ ಮೇಲೆ ಶೇಕಡಾ 20 ಜಾಸ್ತಿ, 85ಕ್ಕೆ 30, 90ಕ್ಕೆ 40, ಹೀಗೇ ಏರುತ್ತಾ 100 ತುಂಬಿದರೆ ಇನ್ನೊಂದು ಪೂರ್ತಿ ಪೆನ್ಷನ್. ತಾರೀಖು ಖಾಲಿ ಇದ್ದರೆ ಅದು ತಾನಾಗಿ ಬರುವುದಿಲ್ಲ.

ಹಣ ಎಷ್ಟು ಎಂದು ಕೆಲವರು ಮೆಸೇಜಿನಲ್ಲಿ ಕೇಳಿದ್ದೀರಿ. ಮಾವ 67 ದಾಟಿದ ಮೇಲೆ ಹೋದದ್ದರಿಂದ ಹೆಚ್ಚುವರಿ ದರ ಬರಲ್ಲವಂತೆ, ಸಾಮಾನ್ಯ ದರ, ಅಂದರೆ ಸಂಬಳದ ಶೇಕಡಾ 30ರ ಲೆಕ್ಕ. ಕಮ್ಮಿ ಅಂದರೂ 9,000, ಅದರ ಮೇಲೆ ತುಟ್ಟಿಭತ್ಯೆ. ಒಆರ್‌ಒಪಿ ಪಟ್ಟಿಯಲ್ಲಿ, ಅಂದರೆ ಒಂದೇ ದರ್ಜೆ ಒಂದೇ ಸೇವಾವಧಿಯವರಿಗೆ ಒಂದೇ ಪೆನ್ಷನ್ ಎಂಬ ಪಟ್ಟಿಯಲ್ಲಿ, ಅದಕ್ಕಿಂತ ಜಾಸ್ತಿ ಇದ್ದರೆ ಅದು. ತೆಗೆದಿದ್ದ ದುಡ್ಡಿನ ಬಗ್ಗೆ ಬರೆದುಕೊಟ್ಟೆವು, ಮೇಡಂ ಮುಖವನ್ನೂ ಸಿಂಡರಿಸಲಿಲ್ಲ.

ಹೆಸರು ತಿದ್ದುಪಡಿಯ ಕಾಗದ ರೆಕಾರ್ಡ್ಸ್‌ಗೆ ಹೋಗಿದೆ, ತಲುಪಿದೆ ಎಂದು ಉತ್ತರ ಬಂದಿದೆ. ಪೆನ್ಷನ್ ಇನ್ನೂ ಶುರುವಾಗಿಲ್ಲ.

ರಿಟೈರ್ಡ್ ಸಿಗ್ನಲ್:
ಬಹಳ ಸಂತೋಷ. ಉತ್ತರದ ಮೇಲಿರುವ ಪತ್ರದ ನಂಬರು, ತಾರೀಖು ಗೋಡೆ ಕ್ಯಾಲೆಂಡರಿನಲ್ಲಿ ಬರೆದಿಡಿ, ಮುಂದೆ ಎಲ್ಲಿ ಕೇಳಿದರೂ ಅದನ್ನೇ ಕೇಳುತ್ತಾರೆ. ಅತ್ತೆಯವರ ಇಸಿಎಚ್‌ಎಸ್ ಕಾರ್ಡಿನ ಬಗ್ಗೆ ಕೇಳಿದಿರಾ? ಮಾವ 1996ಕ್ಕಿಂತ ಮೊದಲೇ ನಿವೃತ್ತರಾದವರು, ಹಾಗಾಗಿ ವಂತಿಗೆ ಕಟ್ಟಬೇಕಾಗಿಲ್ಲ. ಪಿಪಿಒ ಬಂದ ಮೇಲೆ ಅದನ್ನು ಅತ್ತೆಯವರ ಹೆಸರಿಗೆ ಮಾಡಿಸಿ. ಮತ್ತೆ ನವೆಂಬರಿನಲ್ಲಿ ಜೀವನ್ ಪ್ರಮಾಣ್, ಅಂದರೆ ಬದುಕಿದ್ದೇನೆ ಎಂದು ತೋರಿಸುವ ಪತ್ರ, ಮರೆಯಬೇಡಿ. ಹೊಲದ ಕೆಲಸ ಮಾಡಿದ ಕೈಗೆ ಬೆರಳಚ್ಚು ಎಷ್ಟೋ ಸಲ ಬೀಳುವುದಿಲ್ಲ, ಮೊಬೈಲಿನಲ್ಲಿ ಮುಖ ತೋರಿಸಿ ಮಾಡುವ ಆ್ಯಪ್ ಇದೆ, ಅದನ್ನು ಉಪಯೋಗಿಸಿ. ಒಟಿಪಿ, ಪಿಪಿಒ ನಂಬರು ಯಾವ ವಾಟ್ಸಾಪ್ ಗುಂಪಿನಲ್ಲೂ ಹಾಕಬೇಡಿ. ಸ್ಪರ್ಶ್ ಆಫೀಸಿನಿಂದ ಎಂದು ಫೋನ್ ಬಂದರೆ ಇಟ್ಟುಬಿಡಿ.

ಹರಿಹರದ ಸೊಸೆ:
ಆ್ಯಪ್ ಈಗಲೇ ಹಾಕಿಕೊಂಡು ಪರೀಕ್ಷೆ ಮಾಡಿದೆ ಸರ್. ಅತ್ತೆ ಕಣ್ಣು ಮಿಟುಕಿಸಿ ಎಂದರೆ ಎರಡೂ ಕಣ್ಣು ಮುಚ್ಚಿ ಕೂರುತ್ತಾರೆ. ನವೆಂಬರ್‌ವರೆಗೆ ಟೈಮ್ ಇದೆ, ಕಲಿಸುತ್ತೇನೆ.

ಬೆಣ್ಣೆ ದೋಸೆ ಖಾಲಿ:
ಎಲ್ಲ ಸರಿ ಅಕ್ಕ, ಕಚೇರಿಗೆ ಹೋದ ದಿನ ಅತ್ತೆಗೆ ದೋಸೆ ಕೊಡಿಸಿದಿರೋ ಇಲ್ಲವೋ ಅದನ್ನು ಹೇಳಲೇ ಇಲ್ಲ.

ಹರಿಹರದ ಸೊಸೆ:
ಕೊಡಿಸಿದೆ. ಒಂದು ತಿಂದು, ಇನ್ನೊಂದನ್ನು ಮಾವನ ಹೆಸರು ಹೇಳಿ ತಿಂದರು. ಬಿಲ್ಲು ಕೊಟ್ಟಿದ್ದು ನಾನೇ.